ಮಾದಿ ಮಾಮಿಯ ಲೋಟದ ಅವರೆಕಾಳು

ಮನುಷ್ಯರನ್ನು ಕೇಳಬಾರದ ಪ್ರಶ್ನೆ ಯಾವುದು ಎಂಬ ಬಗ್ಗೆ ನನಗೆ ಸಾಕಷ್ಟು ಅನುಭವವಿದೆ. ಸಂಬಳ ಎಷ್ಟು ಎಂದು ಕೇಳಬಹುದು. ವಯಸ್ಸನ್ನು ಕೇಳಬಹುದು. ಮಗನಿಗೆ ಇನ್ನೂ ಯಾಕೆ ಮದುವೆ ಮಾಡಿಲ್ಲ ಎಂಬುದನ್ನಂತೂ ನಮ್ಮ ಬೆಟ್ಟದಲ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರೂ ಕೇಳುತ್ತಾರೆ. ಆದರೆ "ನಿನ್ನೆ ಎಷ್ಟು ಸಲ ಕಕ್ಕಸಿಗೆ ಹೋದಿರಿ?" ಎಂದು ಕೇಳಿ ನೋಡಿ. ನಾನು ಕೇಳಿದ್ದೇನೆ. ಕೊರೊನಾ ಕಾಲದ ಎರಡು ವರ್ಷ, ಭಾನುವಾರ ಬಿಟ್ಟು ಪ್ರತಿದಿನ, ಬೆಳಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ಇದನ್ನು ಕೇಳುವುದೇ ನನ್ನ ಕೆಲಸವಾಗಿತ್ತು. ಎರಡು ವರ್ಷ ಎಂದು ಈಗ ಬರೆದೆನಲ್ಲ, ಡೈರಿ ನೋಡಿದರೆ ಹದಿನಾಲ್ಕು ತಿಂಗಳು. ನನ್ನ ನೆನಪಿನ ಬುದ್ಧಿಯೇ ಹಾಗೆ. ಕಷ್ಟಪಟ್ಟ ಕಾಲವನ್ನು ಎಳೆದು ಉದ್ದ ಮಾಡುತ್ತದೆ, ತಪ್ಪು ಮಾಡಿದ ಕಾಲವನ್ನು ಮಡಚಿ ಎಲ್ಲೋ ಇಟ್ಟುಬಿಡುತ್ತದೆ.

ಊಟಿಯ ಮಾರುಕಟ್ಟೆಯ ಹಿಂದೆ, ಏರುದಾರಿಯಲ್ಲಿ, ಹೊಟ್ಟೆ ಮತ್ತು ಕರುಳಿನ ಕಾಯಿಲೆಗಳನ್ನಷ್ಟೇ ನೋಡುವ ಒಂದು ಚಿಕ್ಕ ಕ್ಲಿನಿಕ್ ಇದೆ. ನಾನಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವವಳು. ಓದಿದ್ದು ಮೈಸೂರಿನಲ್ಲಿ, ಇತಿಹಾಸದಲ್ಲಿ ಎಂ.ಎ. ಶಾಸನಗಳಿಂದ ಕರುಳಿಗೆ ಹೇಗೆ ಬಂದೆ ಎಂದು ಕೇಳಿದರೆ ಮದುವೆ ಎಂದಷ್ಟೇ ಹೇಳಬಲ್ಲೆ. ಗಂಡನ ಮನೆ ಇಲ್ಲಿ, ಕೆಲಸ ಸಿಕ್ಕಿದ್ದು ಇಲ್ಲಿ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕರುಳಿನ ಒಳಗೋಡೆ ಹುಣ್ಣಾಗಿ ವರ್ಷಗಟ್ಟಲೆ ನರಳುವವರು. ಈ ಕಾಯಿಲೆ ಪೂರ್ತಿ ಬಿಟ್ಟುಹೋಗುವುದಿಲ್ಲ. ಕೆಲವು ಕಾಲ ಮಲಗಿರುತ್ತದೆ, ಕೆಲವು ಕಾಲ ಎದ್ದು ಕೂರುತ್ತದೆ. ಎದ್ದಿದೆಯೇ ಮಲಗಿದೆಯೇ ಎಂಬುದನ್ನು ತಿಳಿಯುವ ಮೊದಲ ದಾರಿ ಎಣಿಸುವುದು. ದಿನಕ್ಕೆ ಎರಡು ಸಲವಾದರೆ ನೆಮ್ಮದಿ, ಆರು ಸಲವಾದರೆ ಚಿಂತೆ, ಹತ್ತಾದರೆ ಆಸ್ಪತ್ರೆ. ಅದಕ್ಕೆ ಕೊಡುವ ಮಾತ್ರೆಗಳು ದೇಹದ ರೋಗ ತಡೆಯುವ ಶಕ್ತಿಯನ್ನು ಕಡಿಮೆ ಮಾಡುವಂಥವು. ಹೀಗಾಗಿ ಕೊರೊನಾ ಬಂದಾಗ ನಮ್ಮ ಡಾಕ್ಟರಮ್ಮ ಎಲ್ಲರಿಗೂ "ನೀವು ಮಾತ್ರ ಇತ್ತ ಬರಲೇಬೇಡಿ, ನಾವೇ ಫೋನ್ ಮಾಡುತ್ತೇವೆ" ಎಂದು ಹೇಳಿಬಿಟ್ಟರು. 'ನಾವೇ' ಎಂದರೆ ನಾನು.

ನನ್ನ ಕೈಗೆ ಒಂದು ಅಚ್ಚು ಹಾಕಿದ ಹಾಳೆ ಕೊಟ್ಟರು. ಎಷ್ಟು ಸಲ, ರಕ್ತವಿತ್ತೇ, ನೋವಿತ್ತೇ, ಜ್ವರವಿತ್ತೇ, ಮಾತ್ರೆ ನುಂಗಿದರೇ. ಹಾಳೆ ತುಂಬಿಸಿ ಡಾಕ್ಟರಮ್ಮನ ಮೇಜಿನ ಮೇಲಿಟ್ಟರೆ ಅವರು ಮಾತ್ರೆ ಏರಿಸಬೇಕೋ ಇಳಿಸಬೇಕೋ ಬರೆಯುತ್ತಿದ್ದರು, ನಾನು ಮತ್ತೆ ಫೋನ್ ಮಾಡಿ ಹೇಳುತ್ತಿದ್ದೆ. ಹಾಳೆಯಲ್ಲದೆ ನನ್ನದೇ ಒಂದು ಡೈರಿಯೂ ಇತ್ತು. ಮೈಸೂರಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಮೇಷ್ಟರೊಬ್ಬರು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಒಂದೇ ಮಾತು ಹೇಳುತ್ತಿದ್ದರು: "ಮುದುಕರ ನೆನಪನ್ನು ನಂಬಬೇಡಿ, ಅದರಲ್ಲೂ ನಿಮ್ಮೊಳಗಿನ ಮುದುಕರದ್ದನ್ನು." ಅಂದಿನಿಂದ ನಾನು ಯಾರು ಏನು ಹೇಳಿದರೂ ಆ ದಿನವೇ ಬರೆದಿಡುತ್ತೇನೆ. ಬರೆಯುವುದು ಕನ್ನಡದಲ್ಲಿ. ನೀಲಗಿರಿಯ ನಮ್ಮ ಬಡಗು ಮಾತಿಗೆ ಅದರದೇ ಲಿಪಿ ಇಲ್ಲ, ಗಂಡ ಓದಿದ್ದು ತಮಿಳು ಮಾಧ್ಯಮ. ಮನೆಯ ನಡುವೆ ಮೇಜಿನ ಮೇಲೆ ತೆರೆದಿಟ್ಟರೂ ಯಾರಿಗೂ ಓದಲಾಗದ ಡೈರಿಯ ಸುಖವೇ ಬೇರೆ. ರೋಗಿಗಳಿಗೂ ನಾನು ಅದನ್ನೇ ಬೋಧಿಸುತ್ತಿದ್ದೆ. "ನೆನಪಿನಿಂದ ಹೇಳಬೇಡಿ, ಬರೆದಿಡಿ. ನಿನ್ನೆಯದು ನಿಮಗೆ ನೆನಪಿರುವುದಿಲ್ಲ." ಈ ಉಪದೇಶವನ್ನು ಎಷ್ಟು ಗತ್ತಿನಿಂದ ಮಾಡುತ್ತಿದ್ದೆ ಎಂಬುದನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ನನ್ನ ಹಾಳೆಯನ್ನು ಅತ್ಯಂತ ಚೆನ್ನಾಗಿ ತುಂಬಿಸಿಕೊಟ್ಟವನು ತೆಪ್ಪಕಾಡಿನ ಮಾರ. ಆನೆ ಶಿಬಿರದಲ್ಲಿ ಕಾವಾಡಿ, ಅಂದರೆ ಮಾವುತನ ಕೈಕೆಳಗೆ ಆನೆಯನ್ನು ತೊಳೆದು ಮೇಯಿಸುವವನು. ಕಾಯಿಲೆ ಅವನ ಹೆಂಡತಿ ಕೆಂಪಿಗೆ. ಅವಳು ಫೋನಿನಲ್ಲಿ "ಊಂ" ಎನ್ನುವುದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ಮಾರ ಮಾತ್ರ, ಶಿಬಿರದಲ್ಲಿ ಸಿಗ್ನಲ್ ಸಿಗುವ ಒಂದೇ ಒಂದು ಕಲ್ಲಿನ ಮೇಲೆ ನಿಂತುಕೊಂಡು, ನಾನು ಕೇಳುವ ಮೊದಲೇ ಶುರು ಮಾಡುತ್ತಿದ್ದ. "ಅಮ್ಮೋ, ಬೆಳಿಗ್ಗೆ ಒಂದು, ಗಟ್ಟಿ. ಗಂಜಿ ಕುಡಿದ ಮೇಲೆ ಒಂದು, ಸ್ವಲ್ಪ ನೀರು. ರಕ್ತ ಇಲ್ಲ, ನಾನೇ ನೋಡಿದೆ. ವಾಸನೆ ಮೊನ್ನೆಗಿಂತ ಪರವಾಗಿಲ್ಲ." ನಾನು ಮೊದಲ ಸಲ ಗಾಬರಿಯಾಗಿ, "ಅಷ್ಟೆಲ್ಲ ಬೇಡ ಮಾರ" ಎಂದೆ. ಅವನಿಗೆ ಬೇಸರವಾಯಿತು. "ಏನಮ್ಮ ಹಂಗಂತೀರಿ? ನಮ್ಮ ಆನೆಗೆ ಬೆಳಿಗ್ಗೆ ಎದ್ದು ನೋಡೋದೇ ಲದ್ದಿ. ಎಷ್ಟು ಉಂಡೆ, ಒಳಗೆ ಸೊಪ್ಪು ಅರಗಿದೆಯಾ ಇಲ್ವಾ, ಹುಳ ಇದೆಯಾ, ಎಲ್ಲಾ ನೋಡಿ ಡಾಕ್ಟ್ರಿಗೆ ಹೇಳ್ಬೇಕು. ಆನೆ ಬಾಯಿ ಬಿಟ್ಟು ಹೇಳುತ್ತಾ? ಇವಳೂ ಹೇಳಲ್ಲ. ಇವಳದು ಸುಲಭ, ಬುಟ್ಟೀಲಿ ಹೊರೋದು ಬೇಡ." ಹಿಂದಿನಿಂದ ಕೆಂಪಿ ಮೊದಲ ಸಲ "ಊಂ" ಬಿಟ್ಟು ಬೇರೇನೋ ಹೇಳಿದಳು. ಅದನ್ನು ನಾನು ಡೈರಿಯಲ್ಲೂ ಬರೆದಿಲ್ಲ.

ಎಲ್ಲರೂ ಮಾರನಂತಿದ್ದರೆ ಈ ಪ್ರಬಂಧ ಬರೆಯುವ ಅಗತ್ಯ ಬರುತ್ತಿರಲಿಲ್ಲ. ನನ್ನ ಪಟ್ಟಿಯಲ್ಲಿ ಬೋಜ ಮಾಮ ಇದ್ದರು. ಹುಬ್ಬತಲೈ ಕಡೆಯ ಒಂದು ಹಟ್ಟಿಯವರು, ಎಪ್ಪತ್ತರ ಹತ್ತಿರ, ಸ್ವಲ್ಪ ಚಹಾ ತೋಟ, ಊರಲ್ಲಿ ಮಾತಿಗೆ ಬೆಲೆ. ಕರುಳಿನ ಹುಣ್ಣು ಆರು ವರ್ಷದ್ದು. ಈ ಎಲ್ಲ ವಿವರಗಳಿಗಿಂತ ಮುಖ್ಯವಾದದ್ದೆಂದರೆ ಅವರು ನನ್ನ ಗಂಡನ ತಾಯಿಯ ಅಣ್ಣ. ನಮ್ಮ ಬಡಗರಲ್ಲಿ ಹತ್ತು ಜನ ರೋಗಿಗಳಿದ್ದರೆ ಆರು ಜನ ಏನಾದರೊಂದು ಸಂಬಂಧ ಆಗಿಯೇ ಆಗುತ್ತಾರೆ. ಆದರೆ ಗಂಡನ ಸೋದರಮಾವ ಎಂದರೆ ನಾನು ಎದುರಿಗೆ ಕೂರದೆ, ತಲೆ ಬಗ್ಗಿಸಿ ನಿಲ್ಲಬೇಕಾದವರು. ಅವರು ತಲೆಯ ಮೇಲೆ ಕೈಯಿಟ್ಟು ಹರಸಿದ ಮೇಲೆಯೇ ಮಾತು. ಮೊದಲ ದಿನ ಫೋನ್ ಮಾಡಿದಾಗ ಅವರ ದನಿ ಕೇಳಿದ್ದೇ ನಾನು ಕುರ್ಚಿಯಿಂದ ಎದ್ದು ನಿಂತು ಫೋನಿಗೆ ತಲೆ ಬಗ್ಗಿಸಿದೆ. "ಕುಂಬಿಡುತ್ತೇನೆ ಮಾಮ" ಎಂದೆ. ಆ ಕಡೆ ಫೋನನ್ನು ಕೆಳಗಿಡುವ ಸದ್ದಾಯಿತು. ಆಮೇಲೆ "ಸರಿ, ಕೈ ಇಟ್ಟೆ" ಎಂದರು. ಹಿಂದೆಯೇ ಹರಕೆ: "ಬದುಕು ಅಮ್ಮಾ, ಒಳ್ಳೆಂಗೆ ಇರು, ಮನೆ ತುಂಬಲಿ, ಒಂದು ಸಾವಿರ ಆಗಲಿ." ಇದು ಮುಗಿದ ಮೇಲೆ ನಾನು ಕೇಳಬೇಕಾಗಿದ್ದದ್ದು ಎಷ್ಟು ಸಲವಾಯಿತು ಎಂದು. ಒಂದು ಸಾವಿರವಾಗಲಿ ಎಂದು ಹರಸಿದವರ ಬಳಿ ಈ ಪ್ರಶ್ನೆ ನನ್ನ ಬಾಯಿಂದ ಹೊರಡಲಿಲ್ಲ. ಗಾಜಿನ ಬಾಗಿಲಿನ ಆಚೆಯಿಂದ ಡಾಕ್ಟರಮ್ಮ ನಾನು ಫೋನಿಗೆ ಬಾಗಿ ನಿಂತಿರುವುದನ್ನು ನೋಡುತ್ತಿದ್ದರು.

"ಎತ್ತೆ ಇದ್ದೀರಿ ಮಾಮ?" ಎಂದು ಕೇಳಿದೆ. ಹೇಗಿದ್ದೀರಿ ಎಂದು.

"ಒಳ್ಳೆಂಗೆ ಇದ್ದೆ." ಚೆನ್ನಾಗಿದ್ದೇನೆ ಎಂದು.

"ಹೊಟ್ಟೆ?"

"ಹೊಟ್ಟೆಗ ಏನ ಆತು? ಅದೂ ಒಳ್ಳೆಂಗೆ ಇದೆ."

ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಇದೇ ಮಾತು. ಇದರಲ್ಲಿ ಮಾಮನ ತಪ್ಪೇನೂ ಇಲ್ಲ. ಕಿರಿಯರು ಕೇಳಿದಾಗ ಹಿರಿಯರು ಚೆನ್ನಾಗಿದ್ದೇನೆ ಎನ್ನಬೇಕು. ಹರಸುವ ಬಾಯಿಯಲ್ಲಿ ನೋವಿನ ಮಾತು ಬಂದರೆ ಹರಕೆ ಏನಾದೀತು? ನಮ್ಮಜ್ಜಿ ಪ್ರಾಣ ಬಿಡುವ ಹಿಂದಿನ ದಿನವೂ ನೋಡಲು ಬಂದವರಿಗೆಲ್ಲ ಒಳ್ಳೆಂಗೆ ಇದ್ದೆ ಎಂದೇ ಹೇಳಿದ್ದಳು. ಜೊತೆಗೆ ಇನ್ನೊಂದು ತೊಂದರೆಯಿತ್ತು. ಮಾಮನ ಮನೆಯಲ್ಲಿ ಫೋನನ್ನು ಮುಂದಿನ ತಿಣ್ಣೆಯ, ಅಂದರೆ ಜಗಲಿಯ, ಮೇಲಿಟ್ಟು ಸ್ಪೀಕರಿಗೆ ಹಾಕಿ ಮಾತಾಡುತ್ತಿದ್ದರು. ಹಟ್ಟಿಯ ಮನೆಗಳು ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ನಿಂತವು. ನಾನು ಊಟಿಯಲ್ಲಿ ಕೇಳಿದ ಪ್ರಶ್ನೆಗೆ ಹಟ್ಟಿಯ ಮೂರನೇ ಮನೆಯಿಂದ ಯಾರೋ ನಗುವುದು ನನಗೇ ಕೇಳಿಸುತ್ತಿತ್ತು.

ಡಾಕ್ಟರಮ್ಮ ಬೆಟ್ಟದ ಕೆಳಗಿನ ಬಯಲಿನವರು, ಅವರಿಗೆ ಇದೆಲ್ಲ ಹೇಳಿ ಪ್ರಯೋಜನವಿರಲಿಲ್ಲ. ಹಾಳೆಯ ಮೊದಲ ಕಾಲಂ ಖಾಲಿಯಿರುವುದನ್ನು ತೋರಿಸಿ, "ಒಳ್ಳೆಂಗೆ ಅಂದರೆ ಎಷ್ಟು?" ಎಂದು ಕೇಳಿದರು. "ನೋಡಿ, ಕಳೆದ ಸಲ ಒಳ್ಳೆಂಗೆ ಇದ್ದೆ ಅಂತ ಹೇಳುತ್ತಲೇ ಅವರು ಮೂರು ವಾರ ರಕ್ತಬೇದಿ ಇಟ್ಟುಕೊಂಡು ಓಡಾಡಿದರು. ಈ ಕಾಲದಲ್ಲಿ ಹಾಗಾದರೆ ನಾನು ಅವರನ್ನು ಕೊಯಮತ್ತೂರಿಗೆ ಕಳಿಸಬೇಕಾಗುತ್ತದೆ. ಅಲ್ಲಿಂದ ಬರುವ ಸುದ್ದಿ ನಿಮಗೂ ಗೊತ್ತಿದೆ." ಗೊತ್ತಿತ್ತು. ಕೊಯಮತ್ತೂರಿನ ದೊಡ್ಡಾಸ್ಪತ್ರೆ ಎಂದರೆ ಆಗ ಇ-ಪಾಸು ಮಾಡಿಸಿಕೊಂಡು ಘಾಟಿ ಇಳಿಯಬೇಕು, ಜೊತೆಗೆ ಯಾರನ್ನೂ ಬಿಡುವುದಿಲ್ಲ, ಇಳಿದವರಲ್ಲಿ ಇಬ್ಬರು ನಮ್ಮ ಪಟ್ಟಿಯಿಂದಲೇ ಮತ್ತೆ ಬೆಟ್ಟ ಹತ್ತಿರಲಿಲ್ಲ. ಎಪ್ಪತ್ತರ ಮುದುಕರನ್ನು, ಅದೂ ಈ ಮಾತ್ರೆ ನುಂಗುವವರನ್ನು, ಒಬ್ಬರನ್ನೇ ಅಲ್ಲಿಗೆ ಕಳಿಸುವುದೆಂದರೆ ಏನೆಂದು ಮಾಮನಿಗೂ ಗೊತ್ತಿತ್ತು. ಅವರಿಗೆ ಬೇಕಾದದ್ದು ತಮ್ಮ ತಿಣ್ಣೆ, ನನಗೆ ಬೇಕಾದದ್ದು ಒಂದು ಸಂಖ್ಯೆ.

ನಾನು ಮಾಮಿಯನ್ನು ಹಿಡಿದೆ. ಮಾದಿ ಮಾಮಿ ಮಾಮನಿಗಿಂತ ಹತ್ತು ವರ್ಷ ಚಿಕ್ಕವರು, ನೂರು ವರ್ಷ ಚುರುಕು. "ಅದೆಲ್ಲ ನಾ ಎತ್ತೆ ಕೇಳಲಿ? ಮದುವೆ ಆಗಿ ನಾಲ್ವತ್ತು ವರ್ಷ ಆತು, ಒಂದು ದಿನ ಹೊಟ್ಟೆನೋವು ಅಂತ ಹೇಳಿದ ಮನುಷ ಅಲ್ಲ" ಎಂದರು ಮೊದಲು. ನಾನು, ಕೇಳಬೇಡಿ, ಸುಮ್ಮನೆ ಎಣಿಸಿ, ಬರೆದಿಡಿ ಎಂದೆ. "ಬರೆಯೋಕೆ ಎನಗ ಬಂದರೆ ನಾನೇ ಡಾಕ್ಟರ ಆಗಿರ್ತಿದ್ದೆ." ಆಮೇಲೆ ಅವರೇ ಒಂದು ದಾರಿ ಕಂಡುಹಿಡಿದರು. ತಿಣ್ಣೆಯ ಮೇಲೆ ಒಂದು ಹಿತ್ತಾಳೆ ಲೋಟ. ಮಾಮ ಒಂದು ಸಲ ಹೋದರೆ ಲೋಟಕ್ಕೆ ಒಂದು ಒಣ ಅವರೆಕಾಳು. ಸಂಜೆ ದೀಪ ಹಚ್ಚುವಾಗ ಎಣಿಸುವುದು, ಮರುದಿನ ನನಗೆ ಹೇಳುವುದು. ಮಾಮನಿಗೆ ಗೊತ್ತಾಗುವುದೂ ಇಲ್ಲ, ಹಟ್ಟಿಗೆ ಕೇಳಿಸುವುದೂ ಇಲ್ಲ. ನನಗೆ ಇದು ಎಷ್ಟು ಹಿಡಿಸಿತೆಂದರೆ ಡಾಕ್ಟರಮ್ಮನಿಗೆ ಹೇಳುವಾಗ ಅರ್ಧ ಉಪಾಯ ನನ್ನದೇ ಎಂಬಂತೆ ಹೇಳಿದೆ. ಒಂದೇ ಒಂದು ಶುಕ್ರವಾರದ ಲೆಕ್ಕ ಕೈತಪ್ಪಿತು. ಸೊಸೆ ಲೋಟ ಯಾಕಿದೆ ಎಂದು ತಿಳಿಯದೆ ಕಾಳನ್ನು ಸಾರಿಗೆ ಹಾಕಿಬಿಟ್ಟಳು. "ನೆನ್ನೇದು ಬೆಂದುಹೋತು ಅಮ್ಮಾ" ಎಂದರು ಮಾಮಿ. ಹಾಳೆಯಲ್ಲಿ ನಾನು 'ಮಾಹಿತಿ ಇಲ್ಲ' ಎಂದು ಬರೆದೆ.

ಬಂದ ಸಂಖ್ಯೆಗಳು ಚೆನ್ನಾಗಿರಲಿಲ್ಲ. ಮೊದಲ ದಿನ ಏಳು. ಆಮೇಲೆ ಎಂಟು, ಎಂಟು, ಒಂಬತ್ತು. ರಕ್ತವಿದೆಯೇ ಎಂದರೆ ಮಾಮಿ, "ಅದನ್ನ ಕಾಳು ಹೇಳೋದಿಲ್ಲೆ" ಎಂದರು. ರಕ್ತಪರೀಕ್ಷೆಗೆ ಕರೆಸುವಂತಿರಲಿಲ್ಲ, ಕೂನೂರು ರಸ್ತೆಯಲ್ಲಿ ಆ ವಾರ ತಡೆ. ನಾಲ್ಕನೆಯ ದಿನ ಡಾಕ್ಟರಮ್ಮ ಮಾತ್ರೆಯನ್ನು ಎರಡರಷ್ಟು ಮಾಡಿದರು. ಮಾಮನಿಗೆ ನಾನು ಹೇಳಿದಾಗ ಅವರು "ನಾ ಒಳ್ಳೆಂಗೆ ಇದ್ದೆ ಅಂತ ಹೇಳಿದೆನಲ್ಲ ಅಮ್ಮಾ" ಎಂದರು. ಆರು ವರ್ಷದಿಂದ ಆ ಮಾತನ್ನು ಕೇಳಿಕೊಂಡು ಬಂದ ನಾನು ಅದಕ್ಕೆ ಕಿವಿ ಕೊಡಲಿಲ್ಲ. ಆದರೂ ಅವರು ಮಾತ್ರೆ ನುಂಗಿದರು. ಒಂದು ವಾರದಲ್ಲಿ ಮುಖ ಊದಿತು, ನಿದ್ದೆ ಹೋಯಿತು, ಮನೆಯ ಮೀಟರಿನಲ್ಲಿ ಸಕ್ಕರೆ ಏರಿತು, ಹಸಿವು ವಿಪರೀತವಾಯಿತು. ಮಾಮಿಗೆ ಮಾತ್ರ ಸಂತೋಷ. "ಮಾತ್ರೆ ಒಳ್ಳೇದು ಅಮ್ಮಾ. ಮುದ್ದೆ ಮೂರು ಉಣ್ಣುತ್ತಾರೆ. ಮುಖ ಮದುವೆ ಗಂಡಿನಂಗೆ ತುಂಬಿಕೊಂಡಿದೆ." ಲೋಟದಲ್ಲಿ ಕಾಳು ಮಾತ್ರ ಇಳಿಯಲಿಲ್ಲ. ಹತ್ತನೆಯ ದಿನ ಒಂಬತ್ತು. "ನಾಳೆಯೂ ಹೀಗೇ ಇದ್ದರೆ ಇ-ಪಾಸಿಗೆ ಬರೆಯಿರಿ" ಎಂದರು ಡಾಕ್ಟರಮ್ಮ. ಆ ಅರ್ಜಿಯಲ್ಲಿ ಪ್ರಯಾಣದ ಕಾರಣ ಎಂಬ ಜಾಗವಿದೆ. ಅಲ್ಲಿ ಏನು ಬರೆಯಬೇಕೆಂದು ನಾನು ಅರ್ಧ ಗಂಟೆ ಪೆನ್ನು ಹಿಡಿದು ಕೂತಿದ್ದೆ. ನನ್ನ ಗಂಡ ಆ ಸಂಜೆ ಊಟ ಮಾಡಲಿಲ್ಲ. "ಮಾಮನನ್ನು ನೀನೇ ಕಳಿಸುತ್ತೀಯಾ?" ಎಂದು ಮಾತ್ರ ಕೇಳಿದರು.

ಮರುದಿನ ಬೆಳಗ್ಗೆ ಮೊದಲ ಫೋನು ತೆಪ್ಪಕಾಡಿಗೆ. ಮಾರ ಕಲ್ಲು ಹತ್ತಿ ಎಂದಿನಂತೆ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ. "ಅಮ್ಮೋ, ಇವತ್ತಿಂದು ಗ್ಯಾರಂಟಿ ಇಲ್ಲ. ನಮ್ಮ ಅತ್ತೆ ಬಂದವಳೆ, ಕ್ವಾರ್ಟರ್ಸಿಗೆ ಇರೋದು ಒಂದೇ ಕಕ್ಕಸು. ನಾಲ್ಕು ಸಲ ಆಗಿದೆ, ಆದರೆ ಯಾರ್ಯಾರದು ಎಷ್ಟು ಅಂತ ಕೇಳ್ಬೇಕು." ನಾಲ್ಕನ್ನೂ ಕೆಂಪಿಯದೆಂದೇ ಬರೆದುಕೊಂಡರಾಗದೇ ಎಂದು ನಾನೋ ಮಾತಿಗೆ ಹೇಳಿದೆ. ಅವನು ನಕ್ಕ. "ಏನಮ್ಮ ಓದಿದೋರು ನೀವು! ಎರಡು ಆನೆ ಒಂದೇ ಕಡೆ ಕಟ್ಟಿದ್ರೆ ಮೊದ್ಲು ನೋಡೋದು ಇದು ಯಾವ ಆನೇದು ಅಂತ. ಇಲ್ದಿದ್ರೆ ಒಂದರ ಹೊಟ್ಟೆ ಕೆಟ್ಟರೆ ಇನ್ನೊಂದಕ್ಕೆ ಔಷಧಿ ಕುಡಿಸ್ತೀವಿ."

ನಾನು ಫೋನ್ ಇಟ್ಟು, ಪಟ್ಟಿಯಲ್ಲಿ ಮಧ್ಯೆ ಇದ್ದವರನ್ನೆಲ್ಲ ಹಾರಿಸಿ, ನೇರವಾಗಿ ಮಾಮಿಗೆ ಫೋನ್ ಮಾಡಿದೆ.

"ಮಾಮಿ, ಮಾಮ ಹೋದರು ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?"

"ಎತ್ತೆ ಗೊತ್ತಾಗೋದು ಅಂದರೆ? ಹಿಂದೆ ತಗಡು ಬಾಗಿಲು ಬಡಿಯುತ್ತಲ್ಲ. ಬಡಿದರೆ ಒಂದು ಕಾಳು."

"ನೀವು ನೋಡುವುದಿಲ್ಲವೇ?"

"ಗಂಡಸು ಕಕ್ಕಸಿಗೆ ಹೋಗೋದನ್ನ ಕೂತು ನೋಡಲಿಯಾ? ಏನ ಮಾತು ಆಡ್ತೀ ಅಮ್ಮಾ!"

"ಆ ಕಕ್ಕಸು ಎಷ್ಟು ಮನೆಗೆ?"

"ಎರಡೇ. ನಂಗಗೆ, ಹಾಲನ ಮನೆಗೆ."

ಹಾಲ ಮಾಮ ಎಂದರೆ ಬೋಜ ಮಾಮನ ತಮ್ಮ, ಪಕ್ಕದ ಮನೆ. ಹೆಂಡತಿ ತೀರಿಕೊಂಡು ವರ್ಷಗಳಾದವು. ಕುಯ್ದ ಎಲೆಯನ್ನು ಫ್ಯಾಕ್ಟರಿಗೆ ಸಾಗಿಸುವ ಪಿಕಪ್ ಓಡಿಸುತ್ತಾರೆ. ಮಾಮನ ಮನೆಯ ಹೆಂಗಸರಿಗೆ ಒಳಗೇ ಒಂದು ಕಕ್ಕಸಿದೆ, ಹಿಂದಿನದು ಗಂಡಸರದ್ದು. ಮಾಮನ ಮಗ ಆಗ ಕೆಲಸದ ಊರಿನಲ್ಲೇ ಸಿಕ್ಕಿಕೊಂಡಿದ್ದ. ಅಂದರೆ ಬಾಗಿಲು ಬಡಿಯುವವರು ಇಬ್ಬರೇ. ನಾನು ಮಾಮಿಗೆ ಆ ಒಂದು ದಿನ ಮಾತ್ರ ಲಜ್ಜೆ ಬಿಟ್ಟು ಹಿತ್ತಿಲ ಮೂಲೆಯಲ್ಲಿ ಕೂತು ಸೌದೆ ಒಡೆಯುವ ನೆವದಲ್ಲಿ ನೋಡಿ ಎಂದು ಬೇಡಿಕೊಂಡೆ. ಎರಡು ಲೋಟ ಇಡಿ ಎಂದೆ. ಸಂಜೆ ಮಾಮಿಯೇ ಫೋನ್ ಮಾಡಿದರು, ಸ್ಪೀಕರಿಗೆ ಹಾಕದೆ. ದನಿ ಸಣ್ಣದಾಗಿತ್ತು. ಬೋಜ ಮಾಮನ ಲೋಟದಲ್ಲಿ ಎರಡು. ಹಾಲ ಮಾಮನ ಲೋಟದಲ್ಲಿ ಏಳು.

ಬೋಜ ಮಾಮ ನಿಜಕ್ಕೂ ಒಳ್ಳೆಂಗೆ ಇದ್ದರು. ಒಂದು ವಾರದಿಂದ ನಾವು ಚೆನ್ನಾಗಿದ್ದ ಮನುಷ್ಯನಿಗೆ ಮಾತ್ರೆ ಏರಿಸಿ ಮುಖ ಊದಿಸಿದ್ದೆವು. ಚೆನ್ನಾಗಿಲ್ಲದವರ ಹೆಸರು ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಡಾಕ್ಟರಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಈ ಕಾಯಿಲೆ ಕೆಲವೊಮ್ಮೆ ಒಂದೇ ಮನೆಯವರಲ್ಲಿ ಬರುತ್ತದೆ, ಆ ತಮ್ಮನನ್ನು ಕೇಳಿ, ಇವತ್ತೇ ಕೇಳಿ ಎಂದರು. ಯಾರು ಕೇಳುವುದು? ಹಾಲ ಮಾಮನೂ ನನಗೆ ಮಾಮನೇ. ಫೋನ್ ಮಾಡಿ ಎದ್ದು ನಿಂತು ತಲೆ ಬಗ್ಗಿಸಿದೆ. ಅವರು ಹರಸಿದರು. ಒಳ್ಳೆಂಗೆ ಇದ್ದೆ ಎಂದರು. ಪಿಕಪ್ಪಿನ ಹಾರನ್ ಹೊಡೆದು, ಎಲೆ ಬಾಡುತ್ತದೆ ಅಮ್ಮಾ ಎಂದು ಫೋನ್ ಇಟ್ಟರು.

ಕೊನೆಗೆ ಕೇಳಿದ್ದು ಬೋಜ ಮಾಮನೇ. ಅವರಿಗೆ ನಾನು ಇದ್ದದ್ದನ್ನು ಇದ್ದಂತೆ ಹೇಳಬೇಕಾಯಿತು, ಲೋಟವನ್ನೂ ಸೇರಿಸಿ. ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ಮಾಮಿಯನ್ನು "ಏ, ಎನ್ನ ಕಾಳು ಎಣಿಸಿದೆಯಾ ನೀ?" ಎಂದು ಒಂದು ಸಲ ಗದರಿ, ಎದ್ದು ಪಕ್ಕದ ಮನೆಗೆ ಹೋದರಂತೆ. ಒಳಗೆ ಏನಾಯಿತೋ ಯಾರಿಗೂ ಗೊತ್ತಿಲ್ಲ. ಮಾಮಿ ಗೋಡೆಗೆ ಕಿವಿಯಿಟ್ಟರೂ ಅಣ್ಣನ ದನಿ ಕೇಳಿಸಿತಂತೆ, ತಮ್ಮನದು ಕೇಳಿಸಲಿಲ್ಲವಂತೆ. ಸ್ವಲ್ಪ ಹೊತ್ತಿನಲ್ಲಿ ಮಾಮನ ಫೋನು. ಸಂಖ್ಯೆಯನ್ನು ಬಾಯಿಬಿಟ್ಟು ಹೇಳಲು ಆರು ವರ್ಷ ಒಪ್ಪದಿದ್ದ ಮನುಷ್ಯ ಹರಕೆಯನ್ನೂ ಬಿಟ್ಟು ನೇರವಾಗಿ ಹೇಳಿದರು. "ಬರೆದುಕೋ ಅಮ್ಮಾ. ಅವಗೆ ದಿನಕ್ಕೆ ಏಳು. ಎರಡು ತಿಂಗಳಿಂದ. ರಕ್ತ ಇದೆ. ಎಂಟು ಕಿಲೋ ಇಳಿದಿದ್ದಾನೆ, ಅದು ಕಾಣದಂಗೆ ಬನಿಯನ್ ಒಳಗೆ ಟವೆಲ್ ಸುತ್ತಿಕೊಂಡು ಓಡಾಡುತ್ತಾನೆ ಮುಟ್ಟಾಳ." ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ಬೇದಿಯೂ ಕೊರೊನಾದ ಲಕ್ಷಣ ಎಂದು ಟಿವಿಯಲ್ಲಿ ಹೇಳಿದ್ದರಂತೆ. ಹೇಳಿದರೆ ಆಂಬುಲೆನ್ಸ್ ಬಂದು, ಹಟ್ಟಿಯ ಬಾಯಿಗೆ ತಗಡು ಹೊಡೆದು ಮುಚ್ಚಿ, ಎಲೆ ಕುಯ್ಯುವ ಕಾಲದಲ್ಲಿ ಸಾಲು ಮನೆಗಳೆಲ್ಲ ಹದಿನಾಲ್ಕು ದಿನ ಕೈಕಟ್ಟಿ ಕೂರಬೇಕು. ತನ್ನೊಬ್ಬನ ಹೊಟ್ಟೆಗೆ ಊರನ್ನೇ ಮುಚ್ಚಿಸಲೇ ಎಂದು ಹಾಲ ಮಾಮ ಸುಮ್ಮನಿದ್ದುಬಿಟ್ಟಿದ್ದರು.

ಹಾಲ ಮಾಮನಿಗೆ ಕೊರೊನಾ ಇರಲಿಲ್ಲ. ರಸ್ತೆ ತೆರೆದ ಮೇಲೆ ಊಟಿಗೇ ಕರೆಸಿ ನೋಡಿದಾಗ ಅಣ್ಣನದೇ ಕಾಯಿಲೆ ಎಂದು ಗೊತ್ತಾಯಿತು. ಇನ್ನೊಂದು ತಿಂಗಳು ತಡವಾಗಿದ್ದರೆ ಕರುಳನ್ನು ಕತ್ತರಿಸಬೇಕಾಗುತ್ತಿತ್ತು ಎಂದರು ಡಾಕ್ಟರಮ್ಮ. ಬೋಜ ಮಾಮನ ಮಾತ್ರೆಯನ್ನು ಮೆಲ್ಲಮೆಲ್ಲನೆ ಇಳಿಸಿದರು. ಕೊಯಮತ್ತೂರಿಗೆ ಇಬ್ಬರೂ ಹೋಗಲಿಲ್ಲ. ಮುಂದಿನ ಸೋಮವಾರದಿಂದ ನನ್ನ ಕೆಲಸ ಬಹಳ ಸುಲಭವಾಯಿತು. ನಾನು ಬೋಜ ಮಾಮನಿಗೆ ಫೋನ್ ಮಾಡಿ ಹಾಲ ಮಾಮ ಹೇಗಿದ್ದಾರೆ ಎಂದು ಕೇಳುತ್ತಿದ್ದೆ, ಹಾಲ ಮಾಮನಿಗೆ ಮಾಡಿ ಬೋಜ ಮಾಮ ಹೇಗಿದ್ದಾರೆ ಎಂದು ಕೇಳುತ್ತಿದ್ದೆ. ತಮ್ಮ ಹೊಟ್ಟೆಯ ಬಗ್ಗೆ ಬಾಯಿ ಬಿಡದವರು ಇನ್ನೊಬ್ಬರ ಹೊಟ್ಟೆಯ ಬಗ್ಗೆ ಎಷ್ಟು ನಿಖರ! "ಅಣ್ಣಗೆ ಮೂರು ಅಂತ ಬರೆಯಮ್ಮಾ. ಎರಡು ಅಂತಾನೆ, ನಂಬಬೇಡ, ಮಧ್ಯಾಹ್ನ ಹಲಸಿನಹಣ್ಣು ತಿಂದಿದ್ದಾನೆ." ಈ ಕ್ರಮವನ್ನು ಡಾಕ್ಟರಮ್ಮ ಬೇರೆ ಹಟ್ಟಿಗಳಿಗೂ ವಿಸ್ತರಿಸಿದರು. ಗಂಡನದು ಹೆಂಡತಿ, ಅತ್ತೆಯದು ಸೊಸೆ. ಸೊಸೆಯಂದಿರ ವರದಿಯಲ್ಲಿ ಸ್ವಲ್ಪ ಉತ್ಸಾಹ ಹೆಚ್ಚಿರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು.

ಈ ಕಥೆಯನ್ನು ನಾನು ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಒಮ್ಮೆ ನರ್ಸಿಂಗ್ ಕಾಲೇಜಿನ ವೇದಿಕೆಯ ಮೇಲೂ ಹೇಳಿದ್ದೇನೆ. ಹೇಳಿದ ಪ್ರತಿ ಸಲವೂ ನಾನು ಇನ್ನಷ್ಟು ಬುದ್ಧಿವಂತೆಯಾಗುತ್ತ ಬಂದಿದ್ದೇನೆ. ಮಾರನ ಒಂದು ಮಾತು ಕೇಳಿದ್ದೇ ತಡ, ಮಿಂಚು ಹೊಡೆದಂತೆ ಎಲ್ಲವೂ ಹೊಳೆದವಳು ನಾನು. ನರ್ಸಿಂಗ್ ಕಾಲೇಜಿನಲ್ಲಿ ಹೇಳುವಾಗ ಕಥೆಯಿಂದ ಮಾರನೂ ಬಿದ್ದುಹೋಗಿದ್ದ. ಬರೀ ಮಿಂಚು ಉಳಿದಿತ್ತು. ಈಗ ಬರೆಯಲು ಕೂತಾಗ ದಿನಾಂಕವೊಂದು ಬೇಕಾಗಿ ಆ ವರ್ಷದ ಡೈರಿ ತೆಗೆದೆ. ಅವರೆಕಾಳಿನ ಮೊದಲ ದಿನದ ಪುಟ. ನನ್ನದೇ ಅಕ್ಷರ, ನೀಲಿ ಶಾಯಿ, ಅಂದವಾಗಿ ಬರೆದಿದ್ದೇನೆ: "ಮಾಮಿ ಹೇಳಿದ್ದು: ತಗಡು ಬಾಗಿಲು ಬಡಿದಾಗ ಒಂದು ಕಾಳು. ಹಾಲನ ಮನೆಗೂ ನಮಗೂ ಒಂದೇ ಬಾಗಿಲು, ಬಡಿದರೆ ಸಾಲು ಪೂರ್ತಿ ಕೇಳಿಸುತ್ತದೆ, ತಪ್ಪುವುದಿಲ್ಲ. ಒಳ್ಳೆಯ ಉಪಾಯ." ಕೊನೆಯ ಎರಡು ಪದಗಳ ಕೆಳಗೆ ಗೆರೆ ಬೇರೆ ಎಳೆದಿದ್ದೇನೆ.

ಅಂದರೆ ಮೊದಲ ದಿನವೇ ಮಾಮಿ ಎಲ್ಲವನ್ನೂ ಹೇಳಿದ್ದರು. ನಾನು ಎಲ್ಲವನ್ನೂ ಬರೆದುಕೊಂಡಿದ್ದೆ. ಹನ್ನೊಂದು ದಿನ ಪ್ರತಿ ಸಂಜೆ ಅದೇ ಡೈರಿಯನ್ನು ತೆರೆದು ಮುಂದಿನ ಪುಟದಲ್ಲಿ ಬರೆಯುತ್ತಿದ್ದೆ, ಹಿಂದಿನ ಪುಟವನ್ನು ಒಂದು ಸಲವೂ ಓದಲಿಲ್ಲ. ಬೇರೆ ಯಾರಿಗೂ ಓದಲಾಗದ ಡೈರಿ ಎಂದು ಹೆಮ್ಮೆಪಟ್ಟೆನಲ್ಲ, ಓದಬಲ್ಲ ಒಬ್ಬಳೇ ಒಬ್ಬಳೂ ಓದುತ್ತಿರಲಿಲ್ಲ. ಮಾಮನ ಊದಿದ ಮುಖ, ನಿದ್ದೆಯಿಲ್ಲದ ಆ ವಾರ, ಹಾಲ ಮಾಮನ ಟವೆಲು, ಎಲ್ಲವೂ ಆ ನೀಲಿ ಶಾಯಿಯ ಗೆರೆಯ ಕೆಳಗೇ ಇದ್ದವು. ಈ ಪ್ರಬಂಧವನ್ನು ಅಲ್ಲಿಗೇ ನಿಲ್ಲಿಸಿ ಎರಡು ತಿಂಗಳು ಮುಟ್ಟಲಿಲ್ಲ.

ಮೊನ್ನೆ ಇಬ್ಬರು ಮಾಮಂದಿರೂ ತಪಾಸಣೆಗೆ ಕ್ಲಿನಿಕ್ಕಿಗೆ ಬಂದರು, ಮಾಮಿಯೂ ಬಂದಿದ್ದರು. ನಾನು ಎದ್ದು ತಲೆ ಬಗ್ಗಿಸಿದೆ. ಈ ಸಲ ಫೋನಿನಲ್ಲಲ್ಲ, ಬೋಜ ಮಾಮನ ಕೈ ನಿಜವಾಗಿಯೇ ತಲೆಯ ಮೇಲೆ ಬಿತ್ತು. ಸಾಕಷ್ಟು ಭಾರವಾದ ಕೈ. ಹರಕೆ ಮುಗಿಯುವವರೆಗೂ ಕಾದು ಡೈರಿಯ ವಿಷಯ ಹೇಳಿಬಿಟ್ಟೆ.

"ಬರೆದು ಇಟ್ಟಿದ್ದೆಯಾ?" ಎಂದರು ಮಾಮ.

"ಹೂಂ ಮಾಮ."

"ಓದಲಿಲ್ಲೆಯಾ?"

"ಇಲ್ಲ ಮಾಮ."

"ನಾ ಅವತ್ತೇ ಹೇಳಿದ್ದೆ ಅಂತ ನಾ ಹೇಳುತ್ತಲೇ ಇದ್ದೆ" ಎಂದರು ಮಾಮಿ, ಹಾಲ ಮಾಮನ ಕಡೆಗೆ ತಿರುಗಿ. "ಓದೋಕೆ ಬರದವಳ ಮಾತು ದಾರೂ ಕೇಳೋದಿಲ್ಲೆ."

ಮಾಮ ನಗಲಿಲ್ಲ, ಬೈಯಲೂ ಇಲ್ಲ. "ಆಗಲಿ. ನೀ ಎತ್ತೆ ಇದ್ದೆ ಅಮ್ಮಾ?" ಎಂದರು. ಹದಿನಾಲ್ಕು ತಿಂಗಳು ಬೆಟ್ಟದ ಹೊಟ್ಟೆಯನ್ನೆಲ್ಲ ವಿಚಾರಿಸಿದವಳನ್ನು ಯಾರೂ ತಿರುಗಿ ಕೇಳದಿದ್ದ ಪ್ರಶ್ನೆ. ಮೂರು ವಾರದಿಂದ ನನಗೆ ಎದೆಯುರಿ. ಬೆಳಗಿನ ಇಡ್ಲಿ ಹನ್ನೊಂದಕ್ಕೆ, ಮಧ್ಯಾಹ್ನದ ಊಟ ನಾಲ್ಕಕ್ಕೆ, ಮೇಜಿನ ಡ್ರಾಯರಿನಲ್ಲಿ ಗುಲಾಬಿ ಬಣ್ಣದ ಗ್ಯಾಸ್ ಔಷಧಿಯ ಬಾಟಲಿ. ಇದೆಲ್ಲ ನಾಲಿಗೆಯ ತುದಿಯವರೆಗೂ ಬಂತು.

"ಒಳ್ಳೆಂಗೆ ಇದ್ದೆ ಮಾಮ" ಎಂದೆ.

ಬೋಜ ಮಾಮ ತಮ್ಮನ ಕಡೆ ತಿರುಗಿದರು. "ಇವಳ ಕಾಳು ಯಾರು ಎಣಿಸ್ತಾರೆ ಹಾಲಾ?"

ಆ ಸಂಜೆ ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟೆ. ಇಬ್ಬರು ಮಾಮಂದಿರ ಸಂಖ್ಯೆಯೂ, ತೂಕವೂ, ಮಾತ್ರೆಯೂ ಅದರಲ್ಲಿದೆ. ನನ್ನ ಬಗ್ಗೆ ಏನು ಬರೆದೆ ಎಂಬುದು ನೆನಪಿಲ್ಲ. ಹಿಂದಿನ ಪುಟ ತಿರುಗಿಸಿ ನೋಡಬೇಕು.